ಶಿಕ್ಷೆ ಮುಗಿಯಿತು, ಸಾಲ ಮುಗಿಯಲಿಲ್ಲ

(ನಾಗರಿಕ ಹಕ್ಕುಗಳ ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಶಿಕ್ಷೆಗೆ ಒಂದು ಕೊನೆಯೂ ಇರಬೇಕಲ್ಲವೇ? ನ್ಯಾಯಾಲಯ ವಿಧಿಸಿದ ಸೆರೆವಾಸವನ್ನು ಪೂರ್ತಿ ಅನುಭವಿಸಿ ಹೊರಬಂದ ವ್ಯಕ್ತಿ ಮತ್ತೆ ಪೂರ್ಣ ನಾಗರಿಕನಾಗುವುದು ಯಾವಾಗ? ತನ್ನನ್ನು ವಿಶ್ವದ ಅತ್ಯಂತ ಹಳೆಯ ಪ್ರಜಾಪ್ರಭುತ್ವಗಳಲ್ಲೊಂದೆಂದು ಕರೆದುಕೊಳ್ಳುವ ಅಮೆರಿಕ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಅದಕ್ಕಾಗಿ ಆ ದೇಶದ ಒಂದೇ ಒಂದು ರಾಜ್ಯವನ್ನು ಆರಿಸಿಕೊಂಡಿದ್ದೇನೆ. ಅದು ಫ್ಲೋರಿಡಾ.

ಅಮೆರಿಕದಲ್ಲಿ ಗುರುತರ ಅಪರಾಧಗಳನ್ನು ಫೆಲೊನಿ ಎನ್ನುತ್ತಾರೆ. ಫೆಲೊನಿಯಲ್ಲಿ ಶಿಕ್ಷೆಗೊಳಗಾದವರ ಮತದಾನದ ಹಕ್ಕನ್ನು ಏನು ಮಾಡಬೇಕೆಂದು ಪ್ರತಿಯೊಂದು ರಾಜ್ಯವೂ ತನ್ನದೇ ಕಾನೂನಿನಿಂದ ನಿರ್ಧರಿಸುತ್ತದೆ. ಮೈನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಕೈದಿಗಳು ಜೈಲಿನಿಂದಲೇ ಮತ ಚಲಾಯಿಸುತ್ತಾರೆ. ಅಲ್ಲೇನೂ ಪ್ರಜಾಪ್ರಭುತ್ವ ಕುಸಿದುಬಿದ್ದಿಲ್ಲ. ಫ್ಲೋರಿಡಾದಲ್ಲಿ ಮಾತ್ರ 1868ರ ಸಂವಿಧಾನದ ಕಾಲದಿಂದಲೂ ಫೆಲೊನಿಯ ಶಿಕ್ಷೆಯೆಂದರೆ ಬದುಕಿನುದ್ದಕ್ಕೂ ಮತದಾನದಿಂದ ಹೊರಗುಳಿಯುವುದು ಎಂದಾಗಿತ್ತು. ಆ ವರ್ಷವನ್ನು ಗಮನಿಸಿ. ಗುಲಾಮಗಿರಿ ರದ್ದಾಗಿ, ಕರಿಯ ವರ್ಣೀಯರು ಮೊದಲ ಬಾರಿಗೆ ಮತಗಟ್ಟೆಯ ಬಾಗಿಲಿಗೆ ಬಂದ ಕಾಲವದು. 1889ರಲ್ಲಿ ಅದೇ ರಾಜ್ಯ ಮತದಾನಕ್ಕೆ ತಲೆಗಂದಾಯವನ್ನೂ ವಿಧಿಸಿತು. ಕಂದಾಯ ಕಟ್ಟಿದವನಿಗೆ ಮತ, ಕಟ್ಟಲಾಗದವನಿಗೆ ಮನೆ. 1937ರಲ್ಲಿ ಫ್ಲೋರಿಡಾ ಈ ಕಂದಾಯವನ್ನು ಕೈಬಿಟ್ಟಿತು. 1964ರಲ್ಲಿ ಅಮೆರಿಕದ ಸಂವಿಧಾನದ 24ನೇ ತಿದ್ದುಪಡಿಯು ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಅದನ್ನು ನಿಷೇಧಿಸಿತು. ವರ್ಜೀನಿಯಾ ರಾಜ್ಯ ವಸೂಲಿ ಮಾಡುತ್ತಿದ್ದ ಕೇವಲ ಒಂದೂವರೆ ಡಾಲರ್ ತಲೆಗಂದಾಯವನ್ನೂ 1966ರಲ್ಲಿ ಸುಪ್ರೀಮ್ ಕೋರ್ಟ್ ರದ್ದುಗೊಳಿಸಿತು. ಹಣವಂತಿಕೆಗೂ ಮತದಾನದ ಅರ್ಹತೆಗೂ ಸಂಬಂಧವಿಲ್ಲ ಎಂಬುದು ಆ ತೀರ್ಪಿನ ತಿರುಳು.

ಆದರೆ ಫೆಲೊನಿಯ ನಿರ್ಬಂಧ ಉಳಿದುಕೊಂಡಿತು. 2016ರ ಹೊತ್ತಿಗೆ ಫ್ಲೋರಿಡಾದಲ್ಲಿ ಶಿಕ್ಷೆ ಪೂರೈಸಿಯೂ ಮತವಿಲ್ಲದವರ ಸಂಖ್ಯೆ ಸುಮಾರು 14 ಲಕ್ಷವಾಗಿತ್ತು. ಕರಿಯ ವರ್ಣೀಯ ವಯಸ್ಕರಲ್ಲಿ ಐವರಲ್ಲೊಬ್ಬರಿಗೆ ಮತವಿರಲಿಲ್ಲ. ಇದೇ ರಾಜ್ಯದಲ್ಲಿ 2000ದ ಅಧ್ಯಕ್ಷೀಯ ಚುನಾವಣೆ ನಿರ್ಧಾರವಾದದ್ದು ಬರೇ 537 ಮತಗಳಿಂದ. ಅಪರಾಧಿಗಳ ಪಟ್ಟಿಯೊಂದಿಗೆ ಹೆಸರು ಹೋಲುತ್ತದೆಂಬ ಕಾರಣಕ್ಕೆ ಯಾವ ಅಪರಾಧವನ್ನೂ ಮಾಡದವರ ಹೆಸರುಗಳು ಸಹ ಆಗ ಮತದಾರರ ಪಟ್ಟಿಯಿಂದ ಹೊರಬಿದ್ದಿದ್ದವು. ಮತವಿಲ್ಲದ ಲಕ್ಷಾಂತರ ಮಂದಿ ಎಂದರೆ ಏನರ್ಥ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ.

ಬಂಧುಗಳೇ, ಇಂತಹ ಸ್ಥಿತಿಯನ್ನು ಬದಲಿಸಲು ಹೊರಟವರು ಯಾರು? ದೊಡ್ಡ ಪಕ್ಷಗಳಲ್ಲ. ಡೆಸ್ಮಂಡ್ ಮೀಡ್ ಎಂಬವರು ಜೈಲು ಕಂಡವರು, ಮಾದಕ ವ್ಯಸನಕ್ಕೆ ಬಲಿಯಾಗಿದ್ದವರು, ಮನೆಯಿಲ್ಲದೆ ಅಲೆದವರು. 2005ರಲ್ಲಿ ಬದುಕು ಸಾಕೆಂದು ರೈಲು ಹಳಿಯ ಬಳಿ ನಿಂತಿದ್ದ ಈ ಮನುಷ್ಯ, ಅಲ್ಲಿಂದ ಮರಳಿ ಬಂದು ಕಾನೂನು ಪದವಿ ಪಡೆದರು. ಬಳಿಕ ಸಂಗಡಿಗರೊಂದಿಗೆ ರಾಜ್ಯದಾದ್ಯಂತ ಸಹಿ ಸಂಗ್ರಹಕ್ಕಿಳಿದರು. ಜನಮತಗಣನೆಗೆ ಬೇಕಾಗಿದ್ದ 7 ಲಕ್ಷ 66 ಸಾವಿರಕ್ಕಿಂತಲೂ ಹೆಚ್ಚು ಸಹಿಗಳು ಬಂದವು. 2018ರ ನವೆಂಬರ್ 6ರಂದು ನಾಲ್ಕನೇ ತಿದ್ದುಪಡಿ ಎಂದು ಹೆಸರಾದ ಪ್ರಸ್ತಾಪ ಜನರ ಮುಂದೆ ಬಂತು. ಅಂಗೀಕಾರಕ್ಕೆ 60 ಶೇಕಡಾ ಬೇಕಿತ್ತು. 64 ಶೇಕಡಾಕ್ಕಿಂತ ಹೆಚ್ಚು ಮಂದಿ ಹೌದೆಂದರು. ಕೊಲೆ ಹಾಗೂ ಲೈಂಗಿಕ ಅಪರಾಧಗಳನ್ನು ಬಿಟ್ಟು, ಉಳಿದೆಲ್ಲರಿಗೂ ಶಿಕ್ಷೆಯ ಎಲ್ಲ ಷರತ್ತುಗಳು ಪೂರ್ಣಗೊಂಡೊಡನೆ ಮತದಾನದ ಹಕ್ಕು ಮರಳಬೇಕೆಂಬುದು ಜನರ ತೀರ್ಪಾಗಿತ್ತು. ಎರಡೂ ಪಕ್ಷಗಳ ಬೆಂಬಲಿಗರು ಈ ತಿದ್ದುಪಡಿಗೆ ಮತ ನೀಡಿದ್ದರು ಎಂಬುದು ಗಮನಾರ್ಹ.

ಆದರೆ ಆ ಸಂತಸ ಆರು ತಿಂಗಳೂ ಬಾಳಲಿಲ್ಲ. ಶಿಕ್ಷೆಯ ಎಲ್ಲ ಷರತ್ತುಗಳು ಎಂದರೆ ದಂಡ, ಶುಲ್ಕ, ಪರಿಹಾರದ ಹಣ ಎಲ್ಲವೂ ಸೇರುತ್ತದೆಂದು ಶಾಸನಸಭೆ ಕಾನೂನು ಮಾಡಿತು. 2019ರ ಜೂನ್‌ನಲ್ಲಿ ಗವರ್ನರ್ ರಾನ್ ಡಿಸಾಂಟಿಸ್ ಅದಕ್ಕೆ ಸಹಿ ಹಾಕಿದರು. ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ವ್ಯಾಖ್ಯಾನಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ತಿದ್ದುಪಡಿಯ ಪರ ವಾದಿಸಿದ್ದ ವಕೀಲರೇ 2017ರಲ್ಲಿ ರಾಜ್ಯದ ಸುಪ್ರೀಮ್ ಕೋರ್ಟಿನೆದುರು ದಂಡದ ಹಣವೂ ಶಿಕ್ಷೆಯ ಭಾಗವೆಂದು ಒಪ್ಪಿದ್ದರು. 2020ರ ಜನವರಿಯಲ್ಲಿ ಆ ನ್ಯಾಯಾಲಯವೂ ಅದನ್ನೇ ಹೇಳಿತು. ಪ್ರಶ್ನೆಯಿರುವುದು ಪದದ ಅರ್ಥದಲ್ಲಲ್ಲ. ಕಟ್ಟಲು ಹಣವೇ ಇಲ್ಲದವನ ಗತಿಯೇನು ಎಂಬುದರಲ್ಲಿ.

ಈ ಸಾಲ ಹೇಗೆ ಬೆಳೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಫ್ಲೋರಿಡಾದ ನ್ಯಾಯಾಲಯಗಳ ಕಚೇರಿ ವೆಚ್ಚದ ದೊಡ್ಡ ಭಾಗ ಕಕ್ಷಿದಾರರಿಂದಲೂ ಆರೋಪಿಗಳಿಂದಲೂ ವಸೂಲಾಗುವ ಶುಲ್ಕದಿಂದ ನಡೆಯುತ್ತದೆ. ಬಡ ಆರೋಪಿಗೆ ಸರಕಾರಿ ವಕೀಲ ಬೇಕೆಂದರೆ ಅರ್ಜಿಗೇ 50 ಡಾಲರ್. ಮಾದಕ ವಸ್ತು ಸಾಗಣೆಯ ಕೆಲವು ಪ್ರಕರಣಗಳಲ್ಲಿ ದಂಡವೇ 50 ಸಾವಿರ ಡಾಲರ್. ಬಾಕಿ ಉಳಿದರೆ ಪ್ರಕರಣ ಖಾಸಗಿ ವಸೂಲಿ ಕಂಪೆನಿಗೆ ಹೋಗುತ್ತದೆ. ಅದು ಮೂಲ ಮೊತ್ತದ ಮೇಲೆ 40 ಶೇಕಡಾದವರೆಗೆ ತನ್ನ ಪಾಲು ಸೇರಿಸಬಹುದು. ಜೈಲಿನಿಂದ ಹೊರಬಂದವನಿಗೆ ಕೆಲಸ ಕೊಡುವವರಿಲ್ಲ, ಮನೆ ಬಾಡಿಗೆಗೆ ಕೊಡುವವರಿಲ್ಲ. ಅವನು ಮೊದಲು ಮಕ್ಕಳ ಹೊಟ್ಟೆ ತುಂಬಿಸಬೇಕೇ, ನ್ಯಾಯಾಲಯದ ಶುಲ್ಕ ಕಟ್ಟಬೇಕೇ?

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದು ವಿಚಾರಣೆಯ ವೇಳೆ ಬಯಲಾಯಿತು. ಯಾರು ಎಷ್ಟು ಬಾಕಿ ಕೊಡಬೇಕೆಂಬುದು ಸರಕಾರಕ್ಕೇ ಗೊತ್ತಿರಲಿಲ್ಲ! ಎಲ್ಲವನ್ನೂ ಒಂದೆಡೆ ನೋಡಬಹುದಾದ ದಾಖಲೆಯೇ ರಾಜ್ಯದಲ್ಲಿರಲಿಲ್ಲ. ಪ್ರಾಧ್ಯಾಪಕಿಯೊಬ್ಬರು ತಮ್ಮ ಸಂಶೋಧನಾ ವಿದ್ಯಾರ್ಥಿಗಳೊಂದಿಗೆ 153 ಮಂದಿಯ ದಾಖಲೆಗಳನ್ನು ಪರಿಶೀಲಿಸಿದರು. ಮೂವರದ್ದನ್ನು ಬಿಟ್ಟರೆ ಉಳಿದೆಲ್ಲರ ಲೆಕ್ಕಗಳೂ ಒಂದಕ್ಕೊಂದು ತಾಳೆಯಾಗಲಿಲ್ಲ. ಬಾಕಿಯ ಕಾರಣದಿಂದ ಮತ ಕಳಕೊಳ್ಳುವವರು ಏಳೂವರೆ ಲಕ್ಷಕ್ಕೂ ಹೆಚ್ಚೆಂದು ಇನ್ನೊಬ್ಬ ತಜ್ಞರು ಲೆಕ್ಕ ಕೊಟ್ಟರು. ಇವನ್ನೆಲ್ಲ ಪರಿಶೀಲಿಸಿದ ನ್ಯಾಯಾಧೀಶ ರಾಬರ್ಟ್ ಹಿಂಕಲ್, ಹಣ ಕೊಡಲು ನಿಜವಾಗಿಯೂ ಶಕ್ತಿಯಿಲ್ಲದವರನ್ನು ಮತದಾನದಿಂದ ತಡೆಯುವುದು ಸಂವಿಧಾನಬಾಹಿರವೆಂದು 2020ರ ಮೇ ತಿಂಗಳಲ್ಲಿ ತೀರ್ಪಿತ್ತರು. ಸರಕಾರ ಮೇಲ್ಮನವಿ ಸಲ್ಲಿಸಿತು. ಅದೇ ಸೆಪ್ಟೆಂಬರ್ 11ರಂದು ಮೇಲ್ಮನವಿ ನ್ಯಾಯಾಲಯ ಆರು ನಾಲ್ಕರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಈ ಬಾಕಿ ಕಂದಾಯವಲ್ಲ, ಶಿಕ್ಷೆಯ ಭಾಗ ಎಂಬುದು ಅದರ ವಾದ. ಹೆಸರು ಬದಲಾಯಿತು. ಆದರೆ ಕಿಸೆ ಖಾಲಿಯಿರುವವನ ಪಾಲಿಗೆ ಬದಲಾದದ್ದೇನು?

ಗೊಂದಲದ ಫಲವನ್ನೂ ಬಡವರೇ ಉಣ್ಣಬೇಕಾಯಿತು. 2022ರ ಆಗಸ್ಟ್‌ನಲ್ಲಿ, 2020ರ ಚುನಾವಣೆಯಲ್ಲಿ ಅಕ್ರಮವಾಗಿ ಮತ ಚಲಾಯಿಸಿದರೆಂದು 20 ಮಂದಿಯ ವಿರುದ್ಧ ಕ್ರಮ ಕೈಗೊಂಡಿರುವುದಾಗಿ ಗವರ್ನರ್ ಘೋಷಿಸಿದರು. ಇವರು ಕೊಲೆ ಅಥವಾ ಲೈಂಗಿಕ ಅಪರಾಧದ ಶಿಕ್ಷೆಗೊಳಗಾಗಿದ್ದರಿಂದ ತಿದ್ದುಪಡಿಯ ಲಾಭ ಅವರಿಗಿರಲಿಲ್ಲವೆಂಬುದು ನಿಜ. ಆದರೆ ಅವರಲ್ಲಿ ಅನೇಕರಿಗೆ ಮತದಾರರ ಚೀಟಿ ಬಂದದ್ದು ಸರಕಾರಿ ವ್ಯವಸ್ಥೆಯಿಂದಲೇ. ಚೀಟಿ ಕೊಟ್ಟದ್ದೂ ಸರಕಾರ, ಕೈಕೋಳ ತೊಡಿಸಿದ್ದೂ ಸರಕಾರ. ಇಂತಹ ದೃಶ್ಯವನ್ನು ಕಂಡ ಬಳಿಕ, ಅರ್ಹತೆಯಿರುವವನು ಕೂಡ ಮತಗಟ್ಟೆಯತ್ತ ಹೆಜ್ಜೆಯಿಡಲು ಹೆದರಿದರೆ ಅಚ್ಚರಿಯೇನಿದೆ?

ಸಂತ್ರಸ್ತನಿಗೆ ಸಲ್ಲಬೇಕಾದ ಪರಿಹಾರವನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದು ಇನ್ನೊಬ್ಬ ಮನುಷ್ಯನ ಹಕ್ಕು, ಅದನ್ನು ತೀರಿಸಲೇಬೇಕು. ಸಾಲ ವಸೂಲಿಗೆ ನ್ಯಾಯಾಲಯಕ್ಕೆ ಬೇರೆ ದಾರಿಗಳಿವೆ. ಇದ್ದೂ ಕೊಡದವನು ಬೇರೆ, ಇಲ್ಲದೆ ಕೊಡಲಾಗದವನು ಬೇರೆ. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಒಂದೇ ಅಪರಾಧ, ಒಂದೇ ಶಿಕ್ಷೆ ಅನುಭವಿಸಿದ ಇಬ್ಬರಲ್ಲಿ ಹಣವುಳ್ಳವನು ನಾಳೆಯೇ ಮತದಾರ, ಬಡವನು ಸಾಯುವ ತನಕ ಅಪರಾಧಿ ಎಂದಾದರೆ, ಅಲ್ಲಿ ಶಿಕ್ಷೆಯಾಗುತ್ತಿರುವುದು ಅಪರಾಧಕ್ಕಲ್ಲ, ಬಡತನಕ್ಕೆ.

ಇನ್ನು ನಮ್ಮ ದೇಶದತ್ತ ಬರೋಣ. ನಮ್ಮಲ್ಲಿ ಬಿಡುಗಡೆಯಾದವನಿಗೆ ಮತದಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇದು ಸಮಾಧಾನದ ವಿಷಯ. ಆದರೆ 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಸೆಕ್ಷನ್ ಪ್ರಕಾರ, ಮುಂಜಾಗ್ರತಾ ಬಂಧನದಲ್ಲಿರುವವರನ್ನು ಬಿಟ್ಟರೆ, ಜೈಲಿನಲ್ಲಿರುವ ಯಾರೂ ಮತ ಹಾಕುವಂತಿಲ್ಲ. 1997ರಲ್ಲಿ ಸುಪ್ರೀಮ್ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ಸೆಕ್ಷನ್ ಅಪರಾಧಿ, ವಿಚಾರಣಾಧೀನ ಎಂಬ ಭೇದ ಮಾಡುವುದಿಲ್ಲ. 2022ರ ಕೊನೆಯಲ್ಲಿ ನಮ್ಮ ಜೈಲುಗಳಲ್ಲಿದ್ದ 5 ಲಕ್ಷ 73 ಸಾವಿರ ಮಂದಿಯಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನರು. ಅಂದರೆ ತಪ್ಪಿತಸ್ಥರೆಂದು ಇನ್ನೂ ಸಾಬೀತಾಗದವರು. ಇವರಲ್ಲಿ ದಲಿತರು, ಆದಿವಾಸಿಗಳು ಮತ್ತು ಮುಸ್ಲಿಮರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಜಾಮೀನು ಸಿಕ್ಕಿಯೂ ಭದ್ರತೆಯ ಹಣ ಹೊಂದಿಸಲಾಗದೆ ಒಳಗುಳಿದವರಿದ್ದಾರೆ. ದಂಡ ಕಟ್ಟಲಾಗದೆ ಹೆಚ್ಚುವರಿ ದಿನಗಳನ್ನು ಕಳೆಯುವವರಿದ್ದಾರೆ. ಫ್ಲೋರಿಡಾದ ಬಡವನನ್ನು ಮತಗಟ್ಟೆಯ ಹೊರಗೆ ನಿಲ್ಲಿಸಿದ ಅದೇ ಖಾಲಿ ಕಿಸೆ ಇವರನ್ನೂ ಹೊರಗಿಟ್ಟಿದೆ. ಇನ್ನೊಂದೆಡೆ, 2013ರ ತಿದ್ದುಪಡಿಯ ಬಳಿಕ ಜೈಲಿನಲ್ಲಿರುವ ವಿಚಾರಣಾಧೀನ ಚುನಾವಣೆಗೆ ಸ್ಪರ್ಧಿಸಬಹುದು. ಮತ ಕೇಳಬಹುದು, ಮತ ಹಾಕುವಂತಿಲ್ಲ!

ಆದ್ದರಿಂದ ಸಹೋದರರೇ, ನಮ್ಮ ಮುಂದಿರುವ ಕೆಲಸ ಸ್ಪಷ್ಟ. ನಮ್ಮ ಮೊಹಲ್ಲಾಗಳಲ್ಲಿ ಜಾಮೀನಿನ ಹಣವಿಲ್ಲದೆ ಒಳಗಿರುವವರ ಮನೆಗಳನ್ನು ಗುರುತಿಸೋಣ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲನ್ನು ಅವರಿಗೆ ತೋರಿಸೋಣ. ಬಡ ಕೈದಿಗಳ ಜಾಮೀನು ಮತ್ತು ದಂಡಕ್ಕಾಗಿ ಕೇಂದ್ರ ಸರಕಾರ 2023ರಲ್ಲಿ ತಂದ ಯೋಜನೆಯ ಬಗ್ಗೆ ತಿಳಿಸೋಣ. ಬಿಡುಗಡೆಯಾಗಿ ಬಂದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡೋಣ, ಇಲ್ಲದಿದ್ದರೆ ಸೇರಿಸಲು ನೆರವಾಗೋಣ. ಜೈಲಿಗೆ ಹೋಗಿ ಬಂದವನೆಂದು ಅವರನ್ನು ದೂರವಿಡುವ ನಮ್ಮ ಮನೋಭಾವವೂ ಬದಲಾಗಲಿ. ಫ್ಲೋರಿಡಾದಲ್ಲಿ ಮನೆಯಿಲ್ಲದ ಒಬ್ಬ ಮನುಷ್ಯ ಐವತ್ತು ಲಕ್ಷಕ್ಕೂ ಹೆಚ್ಚು ಮತದಾರರ ಮನಸ್ಸನ್ನು ಗೆದ್ದರು. ಕಾನೂನು ಅವರ ದಾರಿಗೆ ಮತ್ತೆ ಅಡ್ಡ ಬಂದರೂ ಅವರು ಕೈಚೆಲ್ಲಿ ಕೂರಲಿಲ್ಲ. ಜನರ ಬಾಕಿ ತೀರಿಸಲು ನಿಧಿ ಸಂಗ್ರಹಕ್ಕಿಳಿದರು. ನಮಗೆ ಮನೆಗಳಿವೆ, ಸಂಘಟನೆಗಳಿವೆ, ಮಸೀದಿ ಕಮಿಟಿಗಳಿವೆ. ನಾವು ಯಾವುದಕ್ಕಾಗಿ ಕಾಯುತ್ತಿದ್ದೇವೆ?