ಹಳೆಯ ರೂಪ, ಹೊಸ ಯಂತ್ರ



ರೂಪ ಹಳೆಯದೆಂಬ ಮಾತ್ರಕ್ಕೆ ಯಂತ್ರವೂ ಹಳೆಯದೆಂದು ನಾವು ಭಾವಿಸಲಾಗದು. ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಬಾನವಿಲ್ ಮೋಟಾರ್ ಸೈಕಲ್ಲನ್ನೇ ನೋಡೋಣ. ಅದು 1959ರಲ್ಲಿ ಬಳಕೆಗೆ ಬಂದಿತು. ಅದನ್ನು ನಿರ್ಮಿಸುತ್ತಿದ್ದ ಮೆರಿಡನ್ನಿನ ಕಾರ್ಖಾನೆ 1983ರಲ್ಲಿ ಮುಚ್ಚಿತು. ಬಳಿಕ ಹಿಂಕ್ಲಿ ಪಟ್ಟಣದಲ್ಲಿ ಸ್ಥಾಪಿತವಾದ ಹೊಸ ಕಾರ್ಖಾನೆಯು 2000ದಲ್ಲಿ ಆ ಹೆಸರಿಗೆ ಮರುಜನ್ಮವಿತ್ತಿತು.

2016ರಲ್ಲಿ ಬಂದ ಟಿ-120 ಮಾದರಿಗೆ ಅವಳಿ ಸಿಲಿಂಡರುಗಳ 1200 ಸಿ.ಸಿ. ಎಂಜಿನ್ನು. ಹೊರಗೆ ಗಾಳಿಯಿಂದ ತಣಿಯುತ್ತಿದ್ದ ಹಳೆಯ ಎಂಜಿನ್ನಿನ ರೆಕ್ಕೆಗಳು. ಒಳಗೆ ನೀರಿನಿಂದ ತಣಿಸುವ ಏರ್ಪಾಡು. ಒಮ್ಮೆಲೇ ಬ್ರೇಕು ಹಾಕಿದರೂ ಚಕ್ರ ಬಿಗಿದು ಜಾರದಂತೆ ಎ.ಬಿ.ಎಸ್. ಕಾಯುತ್ತದೆ.

ಆದರೆ ತೂಕಡಿಸುವ ಸವಾರನನ್ನು ಕಾಯುವ ಸಾಧನ ಅದರಲ್ಲಿಲ್ಲ. ದೂರ ಪ್ರಯಾಣಕ್ಕೆ ಮುನ್ನ ಟೈರಿನ ಗಾಳಿ, ಬ್ರೇಕು, ಚೈನಿನ ಬಿಗಿತ, ಎಂಜಿನ್ನಿನ ಎಣ್ಣೆ ಇವನ್ನು ಪರೀಕ್ಷಿಸಬೇಕು. ಟ್ಯಾಂಕು ಹಿಡಿಯುವ ಪೆಟ್ರೋಲು 14.5 ಲೀಟರು ಮಾತ್ರ. ತುಂಬಿಸಲು ನಿಂತಾಗಲೆಲ್ಲ ಸವಾರನೂ ನೀರು ಕುಡಿದು ದಣಿವಾರಿಸಿಕೊಳ್ಳಬೇಕು. ಕತ್ತಲಾಗುವ ಮೊದಲೇ ತಂಗಬೇಕು.

ವಿದ್ಯಾರ್ಥಿಗಳೇ, 18 ವರ್ಷ ತುಂಬಿ ಪರವಾನಗಿ ದೊರೆಯುವವರೆಗೆ ಇಂಥ ಯಂತ್ರಗಳ ವಿಷಯವನ್ನು ತಿಳಿದುಕೊಳ್ಳಿರಿ; ಓಡಿಸಬೇಡಿರಿ. ತಾಯಿತಂದೆಗಳೇ, ಅದುವರೆಗೆ ಬೀಗದ ಕೈ ನಿಮ್ಮಲ್ಲೇ ಇರಲಿ. ಎಷ್ಟು ಬೇಗ ತಲುಪಿದೆವೆಂಬುದಕ್ಕಿಂತ ಸುಖವಾಗಿ ಮನೆಗೆ ಮರಳಿದೆವೆಂಬುದೇ ನಮಗೆ ಹೆಮ್ಮೆಯಾಗಲಿ.