ಕೈಗೆ ಕಲಿಸುವ ಮಿದುಳು



ಉಗಾರ ಬುದ್ರುಕದ ಸುತ್ತಲಿನ ನಮ್ಮ ನಾಡು ಕೈಗೆಲಸದ ಸೀಮೆ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಆಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಆ ಹಕ್ಕು ಸಿಕ್ಕಿತು. ನಿಪ್ಪಾಣಿಯಲ್ಲಿ ಎಷ್ಟೋ ತಾಯಂದಿರು ಬೀಡಿ ಸುತ್ತಿಯೇ ಮನೆ ನಡೆಸಿದ್ದಾರೆ. ಹತ್ತಿರದ ಮಿರಜದಲ್ಲಿ ತಲೆಮಾರುಗಳಿಂದ ಸಿತಾರ, ತಂಬೂರಿ ಮಾಡುವ ಮನೆತನಗಳಿವೆ. ಇಂಥವರನ್ನು ಮಾತನಾಡಿಸಿದರೆ, ‘ನಾವೇನು ಸಾಲಿ ಕಲಿತವರಲ್ರಿ’ ಎನ್ನುತ್ತಾರೆ. ಅವರ ಮಿದುಳು ಕಲಿತದ್ದು ಎಷ್ಟು ದೊಡ್ಡ ವಿದ್ಯೆ ಎಂಬುದನ್ನು ತಿಳಿಸಲು ಇಂದು ಇಲ್ಲಿ ನಿಂತಿದ್ದೇನೆ.

ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಎಡಗೈಯಿಂದ ಮೊಣಕೈ ಕೆಳಗೆ ಹಿಡಿದು ನೋಡಿ. ಅಲ್ಲಿ ಸ್ನಾಯು ಅಲುಗುವುದು ತಿಳಿಯುತ್ತದೆ. ಬೆರಳಿನೊಳಗೆ ಸ್ನಾಯುಗಳಿಲ್ಲ. ಅಂಗೈ ಮತ್ತು ಮುಂಗೈಯ ಸ್ನಾಯುಗಳು ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಅವುಗಳಿಗೆ ಅಪ್ಪಣೆ ಬರುವುದು ಮಿದುಳಿನ ಎದುರು ಬದಿಯಿಂದ. ಬಲಗೈಗೆ ಎಡ ಮಿದುಳು. 1937ರಲ್ಲಿ ಕೆನಡಾದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರದಲ್ಲಿದ್ದ ರೋಗಿಗಳ ಮಿದುಳಿನ ಮೇಲ್ಪದರಕ್ಕೆ ಸಣ್ಣ ವಿದ್ಯುತ್ತು ಮುಟ್ಟಿಸಿ, ಯಾವ ಜಾಗ ಯಾವ ಅಂಗವನ್ನು ಆಡಿಸುತ್ತದೆಂದು ಗುರುತಿಸಿ ಪ್ರಕಟಿಸಿದ. ಅಷ್ಟಗಲದ ಬೆನ್ನಿಗೆ ಚೂರು ಜಾಗ, ಕೈಗೂ ಮುಖಕ್ಕೂ ಹರವಾದ ಜಾಗ.

ಚಪ್ಪಲಿಯ ಪಟ್ಟಿಗೆ ಚರ್ಮದ ಎಳೆ ಹೆಣೆಯುವವರನ್ನು ಗಮನಿಸಿ. ಎಳೆ ತುಸು ಜಾರಿದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮೊದಲೇ ಬೆರಳ ಹಿಡಿತ ಬಿಗಿಯಾಗಿರುತ್ತದೆ. ಜಾರಿತೆಂದು ಅವರಿಗೆ ಅರಿವಾಗುವುದು ಆಮೇಲೆ. ಜಾರುವಿಕೆಯನ್ನು ಮೊದಲು ಗ್ರಹಿಸುವುದು ಚರ್ಮ; ಅಂಗೈ ಬೆರಳುಗಳ ಚರ್ಮದಲ್ಲಿ ಸುಮಾರು 17,000 ಸ್ಪರ್ಶತಂತುಗಳಿವೆಯೆಂದು ಸ್ವೀಡನ್ನಿನ ಸಂಶೋಧಕರು ಅಂದಾಜು ಮಾಡಿದ್ದಾರೆ. ಬೆರಳಿಗೆ ಜೋಮಿನ ಚುಚ್ಚುಮದ್ದು ಕೊಟ್ಟು ಅವರು ಪರೀಕ್ಷಿಸಿದಾಗ, ಸ್ನಾಯು ಸರಿಯಿದ್ದರೂ ಹಿಡಿತದ ಅಳತೆ ತಪ್ಪಿತು. ಜನ ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದರು.

ಆದರೆ ಜಾರಿದ ಮೇಲೆ ತಿದ್ದುತ್ತ ಕೂತರೆ ವೇಗದ ಕೆಲಸ ಸಾಗದು. ಇಲ್ಲಿ ನೆರವಿಗೆ ಬರುವುದು ತಲೆಯ ಹಿಂಬದಿಯ ಕಿರುಮಿದುಳು. ಗಾತ್ರ ಚಿಕ್ಕದು, ಆದರೆ ಮಿದುಳಿನ ನರಕೋಶಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಲ್ಲೇ ಇವೆ. ಕೈಗೆ ಹೋಗುವ ಅಪ್ಪಣೆಯ ಸುದ್ದಿ ಅದಕ್ಕೂ ತಲುಪುತ್ತದೆ. ಹೀಗೆ ಮಾಡಿದರೆ ಬೆರಳಿಗೆ ಏನು ಅನ್ನಿಸಬೇಕು ಎಂದು ಅದು ಮುಂಚೆಯೇ ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪಿದಾಗಲೆಲ್ಲ ನರಕೋಶಗಳ ಜೋಡಣೆ ಚೂರು ಬದಲಾಗುತ್ತದೆ. ಹೊಸಬಳು ಸುತ್ತಿದ ಬೀಡಿ ಸಡಿಲಾಗಿ ಬಿಚ್ಚಿಕೊಂಡಾಗ ನಡೆಯುವುದೂ ಇದೇ. ಕಲಿಯುವ ಮಕ್ಕಳ ತಪ್ಪಿಗೆ ಬೈಯುವವರು ಇದನ್ನು ತಿಳಿಯಬೇಕು: ತಪ್ಪೇ ಇಲ್ಲದಿದ್ದರೆ ಕಿರುಮಿದುಳಿಗೆ ತಿದ್ದಿಕೊಳ್ಳಲು ಏನೂ ಇರುವುದಿಲ್ಲ.

ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಕತೆ ಕೇಳಿ. ಅಪಸ್ಮಾರ ತಡೆಯಲೆಂದು 1953ರಲ್ಲಿ ಮಿದುಳಿನ ಒಂದು ಭಾಗ ತೆಗೆದರು. ಅಂದಿನಿಂದ ಹೊಸ ಸಂಗತಿಗಳು ಅವನ ನೆನಪಿನಲ್ಲಿ ಹೆಚ್ಚುಕಡಿಮೆ ನಿಲ್ಲಲೇ ಇಲ್ಲ. ಸಂಶೋಧಕಿ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಆ ಕೆಲಸ ಹಿಂದೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. ಕೈ ಕಲಿಯುವ ವಿದ್ಯೆ ಹೇಳಿಕೊಳ್ಳುವ ನೆನಪಿಗಿಂತ ಬೇರೆಯೇ ಜಾಗದಲ್ಲಿ ಕೂರುತ್ತದೆ. ‘ಹೆಂಗ ಮಾಡ್ತೀರಿ?’ ಎಂದರೆ ನಮ್ಮ ಕುಶಲಕರ್ಮಿಗಳು ಮಾತಿನಲ್ಲಿ ಹೇಳದೆ ಮಾಡಿಯೇ ತೋರಿಸುವುದು ಇದಕ್ಕೇ.

ಯಾವ ಅಂಗಕ್ಕೆ ಎಷ್ಟು ಜಾಗ ಎಂಬ ಮಿದುಳಿನ ನಕಾಶೆಯನ್ನೂ ಸಾಧನೆ ಬದಲಿಸುತ್ತದೆ. ತಂತಿವಾದ್ಯ ನುಡಿಸುವವರಲ್ಲಿ ಎಡಗೈ ಬೆರಳುಗಳ ಸ್ಪರ್ಶದ ಜಾಗ ಹಿಗ್ಗಿರುತ್ತದೆ, ಚಿಕ್ಕಂದಿನಲ್ಲೇ ಕಲಿತವರಲ್ಲಿ ಇನ್ನೂ ಹೆಚ್ಚು ಎಂದು 1995ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು.

ಇದೇ ನಕಾಶೆ ಕೆಲವರಲ್ಲಿ ಕೆಡುವುದೂ ಉಂಟು. ಬೆರಳು ಬೆರಳಿನ ಗಡಿ ಕಲಸಿಹೋಗಿ, ಪಳಗಿದ ಆ ಒಂದು ಕೆಲಸ ಹಿಡಿದಾಗ ಮಾತ್ರ ಬೆರಳು ಸೆಟೆದು ಮುದುಡಿಕೊಳ್ಳುತ್ತದೆ. ಊಟ ಮಾಡುವಾಗ, ಗುಂಡಿ ಹಾಕುವಾಗ ಏನೂ ತೊಂದರೆ ಇರುವುದಿಲ್ಲ. ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. 2017ರಲ್ಲಿ ಬೆಂಗಳೂರಿನ ಜೈನ್ ಆಸ್ಪತ್ರೆಯಲ್ಲಿ ಹೀಗೆ ಎಡಗೈ ಬೆರಳು ಕಟ್ಟಿಹೋದ ಗಿಟಾರ್ ವಾದಕರೊಬ್ಬರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ನುಡಿಸುವಾಗ ಮಾತ್ರ ಕಾಣುವ ದೋಷವಾದ್ದರಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವರು ಎಚ್ಚರದಲ್ಲೇ ಗಿಟಾರ್ ನುಡಿಸಿದರು. ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ, ಆದ್ದರಿಂದ ಇದು ಸಾಧ್ಯ. ವೈದ್ಯರು ಬೆರಳು ನೋಡುತ್ತ ಮಿದುಳಿನಾಳದ ಥಲಾಮಸ್‌ನಲ್ಲಿ ಚಿಕ್ಕ ಬಿಂದುವೊಂದನ್ನು ಸುಟ್ಟರು. ಅಲ್ಲೇ ಬೆರಳು ಬಿಚ್ಚಿಕೊಂಡವು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗದು. ಹಲವರಿಗೆ ಚುಚ್ಚುಮದ್ದು, ಕೆಲಸದ ರೀತಿ ಬದಲಿಸುವ ತರಬೇತಿ ನೆರವಾಗುತ್ತವೆ. ನನ್ನ ಕಳಕಳಿ ಇಷ್ಟೇ. ಗಿಟಾರ್ ನಿಂತರೆ ಸುದ್ದಿಯಾಗುತ್ತದೆ. ಬೀಡಿ ಸುತ್ತುವ, ಚರ್ಮ ಹೊಲಿಯುವ ಕೈ ನಿಂತರೆ ಮನೆಯವರು ‘ವಯಸ್ಸಾತು’, ‘ಮೈಗಳ್ಳತನ’ ಎಂದು ಸುಮ್ಮನಾಗುತ್ತಾರೆ, ಕೆಲವರು ತಾಯತ ಕಟ್ಟಿಸುತ್ತಾರೆ. ನಿಮ್ಮ ಮನೆಯಲ್ಲಿ ಯಾರದಾದರೂ ಬೆರಳು ಕಸುಬಿನ ಹೊತ್ತಿಗಷ್ಟೇ ಸೆಟೆಯುತ್ತಿದ್ದರೆ, ಕೈ ನಡುಗುತ್ತಿದ್ದರೆ, ರಾತ್ರಿ ಜೋಮು ಹಿಡಿಯುತ್ತಿದ್ದರೆ, ದಯವಿಟ್ಟು ತಡಮಾಡದೆ ನರರೋಗ ವೈದ್ಯರಿಗೆ ತೋರಿಸಿ. ಹೋಗುವಾಗ ಅವರ ಕಸುಬಿನ ಸಾಮಾನನ್ನೂ ಒಯ್ಯಿರಿ; ಆ ಕೆಲಸ ಮಾಡುವಾಗಲೇ ವೈದ್ಯರು ಕೈ ನೋಡಬೇಕು.