ಭದ್ರೆಯ ದಡದ ಕುಲುಮೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ವೈಭವವನ್ನು ಕೊಂಡಾಡುವುದು ರೂಢಿ. ಹಂಪಿ, ಬೇಲೂರು, ಬಾದಾಮಿಗಳ ಮಾತು ಇಂತಹ ಸಭೆಗಳಲ್ಲಿ ಎಷ್ಟೋ ಸಲ ಬಂದಿದೆ, ಇನ್ನೂ ಬರಲಿ. ಈ ಸಂಜೆ ಮಾತ್ರ ತಮ್ಮನ್ನು ಭದ್ರಾ ನದಿಯ ದಡದ ಒಂದು ಊರಿಗೆ ಕರೆದೊಯ್ಯಲು ಅಪ್ಪಣೆ ಬೇಡುತ್ತೇನೆ. ಅಲ್ಲಿ ಹೊಯ್ಸಳರ ಗುಡಿಯೂ ಇದೆ, ಕಬ್ಬಿಣದ ಕಾರ್ಖಾನೆಯೂ ಇದೆ. ಗುಡಿಯನ್ನು ನಾವು ಪರಂಪರೆ ಎನ್ನುತ್ತೇವೆ. ಕಾರ್ಖಾನೆಯನ್ನು ಏನೆನ್ನಬೇಕೆಂದು ಇನ್ನೂ ತೀರ್ಮಾನಿಸಿಕೊಂಡಿಲ್ಲ.

ಊರು ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ವಂಕಿಪುರ ಎಂಬುದೇ ಬಾಯಿಂದ ಬಾಯಿಗೆ ಹಾಗಾಯಿತೆಂದು ಹೇಳುವವರಿದ್ದಾರೆ. ಅದು ಹೇಗೇ ಇರಲಿ, ಕಬ್ಬಿಣ ಕರಗಿಸುವ ಊರಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೇ? ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ ಹದಿಮೂರನೆಯ ಶತಮಾನದ್ದು. ಮೂರು ಗರ್ಭಗುಡಿಗಳ ತ್ರಿಕೂಟ, ಎತ್ತರದ ಜಗತಿಯ ಮೇಲೆ ನಿಂತಿದೆ. ಅದನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಆದುದರಿಂದ ಅದರ ಬಗೆಗೆ ನಾನು ಹೆಚ್ಚು ಹೇಳುವುದಿಲ್ಲ.

ಇನ್ನು ಕಾರ್ಖಾನೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಇದಕ್ಕೆ ಕೈಹಾಕಿತು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಬೇಕಾದಷ್ಟಿತ್ತು. ಪಕ್ಕದಲ್ಲೇ ಭದ್ರೆಯ ನೀರು, ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹಾದಿ. ಇಲ್ಲದಿದ್ದುದು ಒಂದೇ, ಕಲ್ಲಿದ್ದಲು. ಅದಿಲ್ಲದೆ ಊದುಕುಲುಮೆ ಹಚ್ಚುವುದೆಂತು? ಉತ್ತರ ಮಲೆನಾಡಿನ ಕಾಡಿನಲ್ಲಿತ್ತು. ಮರವನ್ನು ಇದ್ದಿಲು ಮಾಡಿ, ಆ ಇದ್ದಿಲಿನಿಂದಲೇ ಅದಿರನ್ನು ಕರಗಿಸುವುದೆಂದು ನಿಶ್ಚಯವಾಯಿತು.

ಇಲ್ಲಿನ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಹಳ್ಳಿಗಳ ಕಡೆ ಇದ್ದಿಲು ಸುಡುವವರು ಮರವನ್ನು ಮಣ್ಣಿನಡಿ ಮುಚ್ಚಿ ಬೆಂಕಿಯಿಡುತ್ತಾರೆ. ಹೊಗೆಯೆಲ್ಲ ಆಕಾಶದ ಪಾಲು. ಭದ್ರಾವತಿಯಲ್ಲಿ ಮರವನ್ನು ಮುಚ್ಚಿದ ಉಕ್ಕಿನ ಕೋಣೆಗಳಲ್ಲಿಟ್ಟು, ಗಾಳಿಯಾಡದಂತೆ ಕಾಯಿಸಿ, ಎದ್ದ ಹೊಗೆಯನ್ನು ಕೊಳವೆಗಳಲ್ಲಿ ಹಿಡಿದು ತಣಿಸಿದರು. ಹೊಗೆ ನೀರಾಗಿ ಇಳಿಯಿತು. ಅದರಿಂದ ಮರದ ಸಾರಾಯವೆಂಬ ಮೆಥನಾಲ್, ಆಸಿಟಿಕ್ ಆಮ್ಲಕ್ಕೆ ಮೂಲವಾದ ಸುಣ್ಣದ ಲವಣ, ಟಾರು ದೊರೆತವು. ಉಳಿದ ಇದ್ದಿಲು ಕುಲುಮೆಗೆ ಹೋಯಿತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆಯಾದ್ದರಿಂದ ಆ ಕಬ್ಬಿಣದ ಗುಣವೂ ಮೇಲಾಯಿತು. 1923ರ ಜನವರಿ 18ರಂದು ಕುಲುಮೆ ಕೆಲಸಕ್ಕೆ ತೊಡಗಿತು.

ಒಡನೆಯೇ ಸಂಕಟವೂ ಬಂತು. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ರಾಜ್ಯದ ಹಣವನ್ನು ಬೆಂಕಿಗೆ ಹಾಕಿದರೆಂದು ಆಡಿಕೊಂಡವರಿಗೇನು ಕೊರತೆ! ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಮತ್ತೆ ಕರೆಯಿತು. 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅವರು ಖರ್ಚನ್ನು ಹಿಡಿದು, ಕಾರ್ಖಾನೆಯನ್ನು ದಡ ಸೇರಿಸಿದರು. ಆ ದುಡಿಮೆಗೆ ತಮಗೆ ಬರಬೇಕಾಗಿದ್ದ ಹಣವನ್ನು ಅವರು ಕೈಗೆ ತೆಗೆದುಕೊಳ್ಳದೆ, ಹುಡುಗರು ಕೈಕೆಲಸ ಕಲಿಯುವ ಶಾಲೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹುಟ್ಟಿದ್ದು ಹಾಗೆ. 1936ರಲ್ಲಿ ಇದೇ ನದಿಯ ದಡಕ್ಕೆ ಮೈಸೂರು ಪೇಪರ್ ಮಿಲ್ಸ್ ಬಂತು. 1948ರಲ್ಲಿ ಜೋಗದ ವಿದ್ಯುತ್ತು ಹರಿಯತೊಡಗಿದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಮಲೆನಾಡಿನ ಮರಗಳು ಈ ಕುಲುಮೆಗೆ ತೆತ್ತ ಬೆಲೆಯನ್ನು ಮುಚ್ಚಿಡಬಾರದು. ದಟ್ಟ ಕಾಡಿನೊಳಕ್ಕೆ ಟ್ರಾಂ ಹಳಿಗಳನ್ನು ಹಾಕಿ ಮರ ಸಾಗಿಸಿದರು. ಅದೇ ಭದ್ರೆಯ ಮೇಲ್ಗಡೆ ಇಂದು ಹುಲಿಗಳ ರಕ್ಷಿತಾರಣ್ಯವಿದೆ. ಕಾರ್ಖಾನೆಯ ಕಥೆ ಹೇಳುವವರು ಕಾಡಿನ ಕಥೆಯನ್ನೂ ಅದರ ಜೊತೆಗೇ ಹೇಳಬೇಕೆಂಬುದು ನನ್ನ ಮತ.

ನಮಗೆ ಹೆಚ್ಚು ಹತ್ತಿರವಾದ ಸಂಗತಿ ಇನ್ನೊಂದಿದೆ. ಹೊಟ್ಟೆಪಾಡಿಗಾಗಿ ನಾವು ಈ ನಗರಕ್ಕೆ ಬಂದೆವಲ್ಲ, ಹಾಗೆಯೇ ಭದ್ರಾವತಿಗೆ ತಮಿಳರು, ತೆಲುಗರು, ಮಲೆಯಾಳಿಗಳು ಬಂದರು. ಹಳೇನಗರದ ಪಕ್ಕದಲ್ಲಿ ನ್ಯೂಟೌನ್, ಪೇಪರ್‌ಟೌನ್ ಎದ್ದವು. ಬಂದವರು ಮನೆಯಲ್ಲಿ ತಮ್ಮ ಮಾತನ್ನು ಉಳಿಸಿಕೊಂಡು, ಬೀದಿಯಲ್ಲಿ ಕನ್ನಡ ಕಲಿತರು. ಇಲ್ಲಿ ನಮ್ಮ ಮಕ್ಕಳು ಮಾಡುತ್ತಿರುವುದೂ ಅದನ್ನೇ ಅಲ್ಲವೇ?

ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ಕಾಗದದ ಗಿರಣಿ 2015ರಲ್ಲಿ ಕೆಲಸ ನಿಲ್ಲಿಸಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಣಯವಾಯಿತು. ಇಂತಹ ಶತಮಾನೋತ್ಸವದ ಉಡುಗೊರೆಯನ್ನು ಯಾರೂ ಕೇಳಿರಲಿಲ್ಲ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಸರಳು ತಯಾರಿಸುವ ಗಿರಣಿಯೊಂದು ಮತ್ತೆ ತಿರುಗಿತು. ಕಾರ್ಖಾನೆ ನಡೆಯಬೇಕೇ ಬೇಡವೇ ಎಂಬುದನ್ನು ಲೆಕ್ಕ ಬಲ್ಲವರು ವಾದಿಸಲಿ. ನನ್ನ ಅಳಲು ಬೇರೆ. ಗುಡಿಯ ಒಂದು ಕಲ್ಲು ಕದಲಿದರೆ ಇಲಾಖೆಗೆ ಪತ್ರ ಬರೆಯುವ ನಾವು, ಹಳೆಯ ಯಂತ್ರವೊಂದು ಗುಜರಿಯ ತೂಕಕ್ಕೆ ಹೋದರೆ ಸುಮ್ಮನಿರುತ್ತೇವೆ. ಯಂತ್ರದ ಜೊತೆಗೆ ನಕ್ಷೆಗಳು, ಹಾಜರಿ ಪುಸ್ತಕಗಳು, ಕುಲುಮೆಯ ಮುಂದೆ ನಿಂತವರು ಬಳಸುತ್ತಿದ್ದ ಮಾತುಗಳು ಎಲ್ಲವೂ ಹೋಗುತ್ತವೆ. ಅದಿರು, ಕಿಟ್ಟ, ಎರಕ ಎಂಬ ಮಾತುಗಳು ನಿಘಂಟಿನಲ್ಲಿ ಸಿಕ್ಕಾವು. ಕರಗಿದ ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಿದ್ದವನ ಮಾತು ಯಾವ ನಿಘಂಟಿನಲ್ಲಿದೆ?

ಭದ್ರಾವತಿಯಲ್ಲಿ ದುಡಿದ ತಂದೆಯೋ ಮಾವನೋ ಅಜ್ಜನೋ ಇದ್ದ ಮನೆಗಳು ನಮ್ಮ ನಡುವೆಯೂ ಇದ್ದಾವು. ಪೆಟ್ಟಿಗೆಯ ತಳದಲ್ಲಿ ಗೇಟ್ ಪಾಸು, ಸಂಬಳದ ಚೀಟಿ, ಕಾರ್ಖಾನೆಯ ಮುಂದೆ ತೆಗೆಸಿಕೊಂಡ ಪಟ ಇದ್ದರೆ ದಯವಿಟ್ಟು ಸಂಘದ ಗ್ರಂಥಾಲಯಕ್ಕೆ ತನ್ನಿ. ಪ್ರತಿ ತೆಗೆದುಕೊಂಡು ಮೂಲವನ್ನು ತಮಗೇ ಮರಳಿಸೋಣ. ಹಿರಿಯರು ಬದುಕಿದ್ದರೆ ಅವರ ಎದುರು ಕುಳಿತು, ಯಾವ ಪಾಳಿ, ಯಾವ ಕೆಲಸ, ಯಾರು ಜೊತೆಗಿದ್ದರು ಎಂದು ಕೇಳಿ ಬರೆದುಕೊಳ್ಳಿ. ಕಾಗದಪತ್ರಗಳನ್ನಿಡಲು ಒಂದು ಕಪಾಟು ತೆರವು ಮಾಡಿಕೊಡಬೇಕೆಂದು ಕಾರ್ಯದರ್ಶಿಗಳನ್ನು ಈ ಸಭೆಯಲ್ಲೇ ಕೇಳಿಕೊಳ್ಳುತ್ತೇನೆ.